ನೀರಿನಲ್ಲಿ ನಡಿಗೆ: ನೊಂದ ಮೊಣಕಾಲಿಗೆ ಆಸರೆ

ಪೂಜೆಗೆ ಕುಳಿತವರು ಏಳುವಾಗ ಗೋಡೆಯನ್ನು ಹಿಡಿಯಬೇಕಾದ ಸ್ಥಿತಿ ಅರವತ್ತು ದಾಟಿದ ನಮಗೂ ಒದಗಿದೆ. ನೋವಿಗೆ ಅಂಜಿ ನಡಿಗೆಯನ್ನು ಬಿಡುತ್ತೇವೆ. ನಡಿಗೆ ಬಿಟ್ಟರೆ ತೊಡೆಯ ಸ್ನಾಯುಗಳು ಸೊರಗುತ್ತವೆ. ಅವು ಸೊರಗಿದಷ್ಟೂ ಕೀಲಿನ ನೋವು ಬಲಿಯುತ್ತದೆ. ಈ ಸುಳಿಯಿಂದ ಪಾರಾಗುವ ದಾರಿಗಳಲ್ಲಿ ನೀರಿನೊಳಗಿನ ವ್ಯಾಯಾಮವೂ ಒಂದು.

ಬಾವಿಯಿಂದ ನೀರು ಸೇದಿದ ತಾಯಂದಿರು ಇದರ ಮರ್ಮವನ್ನು ಬಲ್ಲರು. ನೀರೊಳಗೆ ಹಗುರವಾಗಿದ್ದ ತುಂಬಿದ ಕೊಡ ಮೇಲೆ ಬಂದೊಡನೆ ಭಾರವಾಗುತ್ತದೆ. ನಮ್ಮ ದೇಹವನ್ನೂ ನೀರು ಹಾಗೆಯೇ ಎತ್ತಿ ಹಿಡಿಯುತ್ತದೆ. ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆಮಟ್ಟದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಆದರೆ ದುಡಿಮೆ ಕಡಿಮೆಯಾಗದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಪ್ರತಿ ಹೆಜ್ಜೆಯನ್ನೂ ತಡೆಯುತ್ತದೆ. ಬೇಗ ನಡೆದರೆ ತಡೆ ಹೆಚ್ಚು, ನಿಧಾನಿಸಿದರೆ ಕಡಿಮೆ. ಶ್ರಮವು ಅವರವರ ಶಕ್ತಿಗೆ ತಕ್ಕಂತೆ.

ಇದಕ್ಕೆ ಈಜು ಬರಬೇಕೆಂದಿಲ್ಲ. ಎದೆಮಟ್ಟದ ನೀರಿನಲ್ಲಿ ಅಂಚನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆಯುವುದು, ಮೊಣಕಾಲನ್ನು ಒಂದೊಂದಾಗಿ ಎತ್ತಿ ಇಳಿಸುವುದು, ಅಂಗೈಯಿಂದ ನೀರನ್ನು ದೂಡುವುದು ಸಾಕು. ಹತ್ತು ನಿಮಿಷದಿಂದ ಆರಂಭಿಸಿ ಕ್ರಮೇಣ ಅರ್ಧ ಗಂಟೆಯವರೆಗೆ, ವಾರಕ್ಕೆ ಎರಡು ಮೂರು ದಿನ ಮಾಡಬಹುದು. ನೀರು ಬೆಚ್ಚಗಿದ್ದಷ್ಟೂ ಕೀಲಿಗೆ ಹಿತ.

ಹಿರೇಗುಂಟನೂರಿನ ಸೀಮೆಯಲ್ಲಿ ಅಷ್ಟು ನೀರೆಲ್ಲಿ ಎಂದು ಓದುಗರು ಕೇಳಬಹುದು. ಜಿಲ್ಲೆಯ ವಾಣಿವಿಲಾಸ ಸಾಗರವೇ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಹತ್ತಿರದಲ್ಲಿದೆಯೆಂದು ಹೊಲದ ಕೃಷಿಹೊಂಡಕ್ಕೆ ಯಾರೂ ಇಳಿಯಬಾರದು. ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರು ಬಲ್ಲ ಈಜುಗಾರನನ್ನೂ ಹತ್ತಿ ಬರಗೊಡದು. ಹೂಳೆತ್ತಿದ ಕೆರೆಯ ಗುಂಡಿಗಳೂ ಹಾಗೆಯೇ ಅಪಾಯಕರ. ನಗರದ ಈಜುಕೊಳದ ಆಳವಿಲ್ಲದ ಭಾಗವೇ ಯೋಗ್ಯ. ಅಲ್ಲಿಯೂ ಜೊತೆಗೊಬ್ಬರು ಇರಲಿ.

ಮೊದಲು ವೈದ್ಯರನ್ನು ಕಾಣಬೇಕು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ಫ್ಲೋರೈಡ್ ನೀರಿನಿಂದಲೂ ಕೀಲು ಬಿಗಿಯುವುದುಂಟು. ಅದಕ್ಕೆ ಕುಡಿಯುವ ನೀರನ್ನೇ ಬದಲಿಸಬೇಕು. ಹೃದ್ರೋಗ, ಮೂರ್ಛೆರೋಗ, ಜ್ವರ, ಮಾಯದ ಗಾಯವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗೆ ಇಳಿಯಲಾಗದು. ಮೂಳೆಯ ಬಲಕ್ಕೆ ನೆಲದ ಮೇಲಿನ ನಡಿಗೆಯೂ ಬೇಕು.

ಈಜುಕೊಳವೆಂದರೆ ಹುಡುಗರ ಆಟವೆಂಬ ಭಾವನೆ ಇನ್ನೂ ನಮ್ಮ ಮನೆಗಳಲ್ಲಿದೆ. ಮೊಣಕಾಲು ನೋವನ್ನು ನುಂಗಿಕೊಂಡು ಅಡುಗೆಮನೆಯಲ್ಲಿ ನಿಂತೇ ಇರುವ ತಾಯಿಗೆ ಅದರ ಅಗತ್ಯ ಹೆಚ್ಚು. ಮಹಿಳೆಯರಿಗೆ ಪ್ರತ್ಯೇಕ ವೇಳೆಯಿರುವ ಕಡೆ ಸೊಸೆಯೋ ಮಗಳೋ ಆಕೆಯನ್ನು ಕರೆದೊಯ್ಯಲಿ. ಹಿರಿಯರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾದರೆ ಮನೆಗೇ ಬಲ.