ಇಲ್ಲಿ ಕ್ರೆಡಿಟ್ ಎಂದರೆ ಉದ್ರಿ ಅಲ್ಲ, ಜಮಾ!

ಜೂನ್-ಜುಲೈ ಬಂತೆಂದರೆ ಸಾಕು, ಬಸ್ ಸ್ಟ್ಯಾಂಡಿನ ಕಂಬ, ಆಟೋದ ಬೆನ್ನು, ಹೋಟೆಲಿನ ಗೋಡೆ ಎಲ್ಲವೂ ಒಂದೇ ಪಾಠ ಒಪ್ಪಿಸುತ್ತವೆ. ‘ಮನೆಯಲ್ಲೇ ಕೂತು ಪದವಿ ಪಡೆಯಿರಿ. ಕೆಲಸ ಬಿಡಬೇಕಿಲ್ಲ, ಕಾಲೇಜಿಗೆ ಅಲೆಯಬೇಕಿಲ್ಲ.’ ಈಚೆಗೆ ಅದರ ಕೆಳಗೆ ಇನ್ನೊಂದು ಸಾಲು ಸೇರಿದೆ: ‘ಒಟ್ಟು 120 ಕ್ರೆಡಿಟ್.’ ಪಕ್ಕದ ಚೀಟಿಯಲ್ಲಿ ವಿದೇಶದ ಪದವಿಗೆ ‘360 ಕ್ರೆಡಿಟ್.’ ಬಸ್ಸಿಗೆ ಕಾಯುವವರು ಓದುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಈ ಕ್ರೆಡಿಟ್ ಅಂದರೆ ಏನು? ಹಣವೇ? ಅಂಕವೇ? ಜಾಸ್ತಿ ಇದ್ದರೆ ಒಳ್ಳೆಯದೋ, ಕಡಿಮೆ ಇದ್ದರೆ ಲಾಭವೋ?

ಅಂಗಡಿ ಬೀದಿಯಲ್ಲಿ ಈ ಶಬ್ದಕ್ಕೆ ಒಂದೇ ಅರ್ಥ: ಉದ್ರಿ. ಸಾಮಾನು ಇವತ್ತು, ದುಡ್ಡು ನಾಳೆ. ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಅರ್ಥ ತಿರುಗುಮುರುಗು. ಅಲ್ಲಿ ಕ್ರೆಡಿಟ್ ಎಂದರೆ ಜಮಾ. ಮೊದಲು ದುಡಿದು ಕಟ್ಟಬೇಕು, ಆಮೇಲೆ ಪದವಿ. ಕಟ್ಟಬೇಕಾದ್ದು ಬರೀ ರೂಪಾಯಿ ಅಲ್ಲ, ಗಂಟೆ. ಇಷ್ಟು ತಿಳಿಯದೆ ಫೀಸು ಕಟ್ಟಿದವರು ಮೂರು ವರ್ಷವಾದ ಮೇಲೆ ಖಾತೆ ತೆಗೆದು ನೋಡಿ ‘ಇನ್ನೂ ಅರ್ಧವೂ ಆಗಿಲ್ಲವಲ್ಲ’ ಎಂದು ಕೂರುತ್ತಾರೆ.

ಇದೇನು ಓದು?

‘ಬಿಸಿನೆಸ್ ಇನ್ಫರ್ಮೇಶನ್ ಸಿಸ್ಟಮ್ಸ್’ ಎಂಬುದು ದೊಡ್ಡ ಹೆಸರು. ಒಳಗಿರುವುದು ಅರ್ಧ ಅಂಗಡಿ, ಅರ್ಧ ಕಂಪ್ಯೂಟರ್. ಲೆಕ್ಕಪತ್ರ, ದಾಸ್ತಾನು, ಖರೀದಿ-ಮಾರಾಟ ಒಂದು ಕಡೆ. ಡೇಟಾಬೇಸ್, ಪ್ರೋಗ್ರಾಮಿಂಗ್, ವ್ಯವಸ್ಥೆಯ ವಿಶ್ಲೇಷಣೆ ಇನ್ನೊಂದು ಕಡೆ. ಯಾವ ಮಾಲು ಎಷ್ಟಿದೆ, ಯಾರು ಎಷ್ಟು ಕೊಡಬೇಕು, ತೆರಿಗೆ ಎಷ್ಟಾಯಿತು ಎಂಬುದನ್ನು ಯಂತ್ರ ತಪ್ಪಿಲ್ಲದೆ ಹೇಳುವಂತೆ ಮಾಡುವ ವಿದ್ಯೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಸಣ್ಣ ಪೇಟೆಯ ಅಂಗಡಿಗೂ ಇದರ ಬಿಸಿ ತಟ್ಟಿದೆ. ನಮ್ಮಲ್ಲಿ ಇದೇ ಹೆಸರಿನ ಪದವಿ ಅಪರೂಪ. ಬಿಸಿಎ, ಬಿಬಿಎ, ಕಂಪ್ಯೂಟರ್ ವಿಷಯ ಸೇರಿದ ಬಿ.ಕಾಂ. ಹೀಗೆ ಬೇರೆ ಬೇರೆ ಅಂಗಿ ತೊಟ್ಟು ಬರುತ್ತದೆ. ಹೆಸರು ಯಾವುದಾದರೂ ಇರಲಿ, ಕ್ರೆಡಿಟ್ಟಿನ ಲೆಕ್ಕ ಒಂದೇ.

ಒಂದಕ್ಕೆ ಮೂವತ್ತು

1985ರ ಕಾಯಿದೆಯಿಂದ ಹುಟ್ಟಿದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಮೊದಲಿನಿಂದಲೂ ಒಂದೇ ಅಳತೆ ಹಿಡಿದಿದೆ: ಒಂದು ಕ್ರೆಡಿಟ್ ಎಂದರೆ 30 ಗಂಟೆ ಓದು. ಪುಸ್ತಕ ಓದುವುದು, ಪಾಠ ಕೇಳುವುದು, ಅಸೈನ್‌ಮೆಂಟ್ ಬರೆಯುವುದು, ಕಂಪ್ಯೂಟರ್ ಮುಂದೆ ಕೂತು ಅಭ್ಯಾಸ ಮಾಡುವುದು, ಎಲ್ಲಾ ಸೇರಿ 30. ದೇಶದ ಈಗಿನ ಕ್ರೆಡಿಟ್ ಚೌಕಟ್ಟೂ ಇದನ್ನೇ ಹೇಳುತ್ತದೆ. ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್.

ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೆಟ್ಟಿಲುಗಳು ಹೀಗಿವೆ: 40ಕ್ಕೆ ಸರ್ಟಿಫಿಕೇಟ್, 80ಕ್ಕೆ ಡಿಪ್ಲೊಮಾ, 120ಕ್ಕೆ ಮೂರು ವರ್ಷದ ಪದವಿ, 160ಕ್ಕೆ ನಾಲ್ಕು ವರ್ಷದ ಆನರ್ಸ್. ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಹಿಡಿದು ಮಧ್ಯದಲ್ಲೇ ಇಳಿದುಹೋಗುವವರು 4 ಕ್ರೆಡಿಟ್ಟಿನ ಕಸುಬಿನ ತರಬೇತಿಯನ್ನೂ ಮುಗಿಸಿರಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಇಗ್ನೋ ಕೇಂದ್ರದ್ದು, ಅದರ ದಾರಿ ಬೇರೆ. ಆದ್ದರಿಂದ ಅರ್ಜಿ ಹಾಕುವ ವಿಶ್ವವಿದ್ಯಾಲಯ ಯಾವುದೋ ಅದರ ಪ್ರಾಸ್ಪೆಕ್ಟಸ್ಸೇ ಪ್ರಮಾಣ. ಇಗ್ನೋದಲ್ಲೇ ಹಿಂದೆ ಬಿ.ಎ., ಬಿ.ಕಾಂ. ಪದವಿಗಳು 96 ಕ್ರೆಡಿಟ್ಟಿಗೆ ಮುಗಿಯುತ್ತಿದ್ದವು. ಅಣ್ಣನ ಲೆಕ್ಕ ತಮ್ಮನಿಗೆ ಬಾರದು.

ಈ ಗಂಟೆ ಎಣಿಸುವ ಪದ್ಧತಿ ಬಂದದ್ದು ಅಮೆರಿಕದಿಂದ. ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ತೆಗೆದಿಟ್ಟ. ಯಾವುದು ನಿಜವಾದ ಕಾಲೇಜು, ಯಾವುದಕ್ಕೆ ಪಿಂಚಣಿ ಕೊಡಬೇಕು ಎಂದು ಅಳೆಯಲು ಅವನ ಪ್ರತಿಷ್ಠಾನ ಒಂದು ಕೋಲು ಮಾಡಿಕೊಂಡಿತು. ಕಾಲೇಜಿಗೆ ಸೇರುವ ಹುಡುಗ ಹೈಸ್ಕೂಲಿನಲ್ಲಿ ಒಂದೊಂದು ವಿಷಯಕ್ಕೆ 120 ಗಂಟೆ ಕೂತಿರಬೇಕು ಎಂಬುದೇ ಆ ಕೋಲು. ಮೇಷ್ಟರ ಪಿಂಚಣಿಗೆ ಮಾಡಿದ ಅಳತೆ ಕೊನೆಗೆ ಹುಡುಗರ ಹೆಗಲೇರಿತು!

120 ದೊಡ್ಡದೋ, 360 ದೊಡ್ಡದೋ?

ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಯಿತು. ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಳಿಸುವ ಶಿಕ್ಷಣ ಶುರು ಮಾಡಿದ್ದೂ ಅದೇ ವರ್ಷ. ಆ ಓಪನ್ ಯೂನಿವರ್ಸಿಟಿಯಲ್ಲಿ ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕು. ‘ಅಬ್ಬಾ, ನಮ್ಮದರ ಮೂರು ಪಟ್ಟು’ ಎನ್ನುವ ಮೊದಲು ತಕ್ಕಡಿ ನೋಡಬೇಕು. ಅಲ್ಲಿ ಒಂದು ಕ್ರೆಡಿಟ್ಟಿಗೆ 10 ಗಂಟೆ. 360ನ್ನು 10ರಿಂದ ಗುಣಿಸಿದರೆ 3600. ಇಲ್ಲಿ 120ನ್ನು 30ರಿಂದ ಗುಣಿಸಿದರೂ 3600. ಸೇರು ಬೇರೆ, ಕಾಳು ಅಷ್ಟೇ! ಯುರೋಪಿನಲ್ಲಿ ಮೂರು ವರ್ಷಕ್ಕೆ 180 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ. ಅಲ್ಲಿ ಕಾಳೇ ಜಾಸ್ತಿ. ಹೀಗಾಗಿ ಬರೀ ಕ್ರೆಡಿಟ್ ಸಂಖ್ಯೆ ನೋಡಿ ಪದವಿಯ ತೂಕ ಹೇಳುವುದು ಮೂಟೆ ಎಣಿಸಿ ಅಕ್ಕಿಯ ಬೆಲೆ ಕಟ್ಟಿದಂತೆ.

ತಿಂಗಳಿಗೆ ನೂರು ಗಂಟೆ

ಈಗ ಈ 3600 ಗಂಟೆಯನ್ನು ಕ್ಯಾಲೆಂಡರಿಗೆ ಇಳಿಸೋಣ. ಮೂರು ವರ್ಷಕ್ಕೆ 36 ತಿಂಗಳು. ಅಂದರೆ ತಿಂಗಳಿಗೆ ಸರಿಯಾಗಿ 100 ಗಂಟೆ. ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ, ಹಬ್ಬ-ಮದುವೆ ಅಂತ ರಜೆ ಇಲ್ಲದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಷಟರ್ ಎಳೆಯುವವರಿಗೆ ಇದು ಆಗುವ ಮಾತೇ?

ಆಗದಿದ್ದರೆ ಬೇರೆ ದಾರಿ ಇದೆ. ಇಗ್ನೋದಲ್ಲಿ ಬಿಸಿಎ ಮುಗಿಸಲು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 50 ಗಂಟೆ ಸಾಕು. ಬಸ್ಸಿನಲ್ಲಿ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಹಿಡಿಯುವ ನೌಕರನಿಗೆ 25 ಕೆಲಸದ ದಿನಕ್ಕೆ ಮೂವತ್ತೇಳೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ನಾಲ್ಕು ಭಾನುವಾರ ಮೂರು ಮೂರು ಗಂಟೆ ಸೇರಿಸಿದರೆ ಐವತ್ತಕ್ಕೆ ಅರ್ಧ ಗಂಟೆ ಮಾತ್ರ ಕಮ್ಮಿ. ಸೀಟು ಸಿಗಬೇಕು, ಪಕ್ಕದವರು ಮಾತಿಗೆ ಎಳೆಯಬಾರದು, ಅದು ಬೇರೆ ವಿಷಯ. ಪ್ರೋಗ್ರಾಮಿಂಗ್ ಅಭ್ಯಾಸಕ್ಕಂತೂ ಕಂಪ್ಯೂಟರ್ ಮುಂದೆಯೇ ಕೂರಬೇಕು. ಪ್ರಾಯೋಗಿಕ ತರಗತಿಗೆ ಕೇಂದ್ರಕ್ಕೆ ಹೋಗಿ ಹಾಜರಿ ಹಾಕದೆ ವಿಧಿಯಿಲ್ಲ. ‘ಮನೆಯಲ್ಲೇ ಕೂತು’ ಎಂಬ ಮಾತಿಗೆ ಅಲ್ಲಿ ಕೊಂಚ ಕತ್ತರಿ ಬೀಳುತ್ತದೆ.

ರಾಶಿ ತುಂಬಿದರೆ ಸಾಲದು

ಹಲವರು ಎಡವುವುದು ಇಲ್ಲೇ. 120 ಅಂದರೆ ಯಾವುದಾದರೂ 120 ಅಲ್ಲ. ಯುಜಿಸಿ ಚೌಕಟ್ಟಿನ ಸಾಮಾನ್ಯ ಲೆಕ್ಕದಲ್ಲಿ ಮುಖ್ಯ ವಿಷಯಕ್ಕೇ 60, ಉಪ ವಿಷಯಕ್ಕೆ 24, ಬೇರೆ ಶಾಸ್ತ್ರಗಳ ಪರಿಚಯಕ್ಕೆ 9, ಭಾಷೆಗೆ 8, ಕೌಶಲಕ್ಕೆ 9, ಮೌಲ್ಯವರ್ಧಿತ ವಿಷಯಗಳಿಗೆ 6ರಿಂದ 8, ಇಂಟರ್ನ್‌ಷಿಪ್‌ಗೆ 2ರಿಂದ 4. ಕೋರ್ಸು, ವಿಶ್ವವಿದ್ಯಾಲಯ ನೋಡಿಕೊಂಡು ಅಂಕಿ ಹೆಚ್ಚುಕಮ್ಮಿ ಆಗುತ್ತದೆ, ಪದ್ಧತಿ ಇದೇ. ಉಪ ವಿಷಯದಲ್ಲಿ 30 ಕೂಡಿಸಿ ಮುಖ್ಯ ವಿಷಯದಲ್ಲಿ 54ಕ್ಕೆ ನಿಂತವನಿಗೆ ಮೊತ್ತ ಸರಿಹೋದರೂ ಪದವಿ ಇಲ್ಲ. ಸಕ್ಕರೆ ಡಬ್ಬಿ ತುಂಬಿ ಹರಿದರೆ ಕಾಫಿಪುಡಿ ಡಬ್ಬಿ ತುಂಬುತ್ತದೆಯೇ?

ಇನ್ನೊಂದು ಮಾತು. ಕ್ರೆಡಿಟ್ ಚಿಲ್ಲರೆಯಾಗಿ ಸಿಗುವುದಿಲ್ಲ. 4 ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ ಓದಿ, ಪರೀಕ್ಷೆಯಲ್ಲಿ ಪಾಸಾದರೆ ಪೂರ್ತಿ 4 ಜಮಾ. ಫೇಲಾದರೆ ಸೊನ್ನೆ. ಅರ್ಧ ಓದಿದ್ದಕ್ಕೆ 2 ಅಂತ ಯಾರೂ ಕೊಡರು. ಅಸೈನ್‌ಮೆಂಟಿಗೂ ಪಾಲಿದೆ. ಇಗ್ನೋ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ಅಸೈನ್‌ಮೆಂಟ್ ಒಪ್ಪಿಸುವ ಗಡುವು ಅದಕ್ಕೂ ಮೊದಲೇ ಮುಗಿಯುತ್ತದೆ. ಪರೀಕ್ಷೆ ಚೆನ್ನಾಗಿ ಬರೆದು ಅಸೈನ್‌ಮೆಂಟ್ ಮರೆತವರ ಖಾತೆಯಲ್ಲಿ ಆ ವಿಷಯ ಅಪೂರ್ಣವಾಗಿಯೇ ಕೂತಿರುತ್ತದೆ.

ಕ್ರೆಡಿಟ್ಟಿಗೂ ಬ್ಯಾಂಕು

2021ರ ಜುಲೈನಿಂದ ಕ್ರೆಡಿಟ್ ಇಡಲು ಒಂದು ಬ್ಯಾಂಕೂ ಬಂದಿದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಅದರ ಹೆಸರು. ಕೌಂಟರ್ ಇಲ್ಲ, ಕ್ಯಾಶಿಯರ್ ಇಲ್ಲ, ಡಿಜಿಲಾಕರ್ ಮೂಲಕ ಖಾತೆ. ಮೊದಲ ವರ್ಷ ಓದಿ, ಮನೆಯ ಕಷ್ಟಕ್ಕೆ ಬಿಟ್ಟವರ ಕ್ರೆಡಿಟ್ ಇಲ್ಲಿ ಉಳಿದಿರುತ್ತದೆ. ಮರಳಿ ಬಂದಾಗ ಒಂದರಿಂದ ಶುರು ಮಾಡಬೇಕಿಲ್ಲ. ಬಡ ಮನೆಗಳ ಹೆಣ್ಣುಮಕ್ಕಳಿಗೆ, ಅಪ್ಪ ತೀರಿಕೊಂಡು ಅಂಗಡಿ ನೋಡಿಕೊಳ್ಳಬೇಕಾಗಿ ಬಂದ ಹುಡುಗರಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ಬ್ಯಾಂಕಿಗೂ ಷರತ್ತುಂಟು. ಜಮಾ ಸಾಮಾನ್ಯವಾಗಿ 7 ವರ್ಷದವರೆಗೆ ಮಾತ್ರ ಚಾಲ್ತಿ, ಆಮೇಲೆ ಹಳಸಿದ ಮಾಲು. 2021-22ಕ್ಕಿಂತ ಹಿಂದೆ ಗಳಿಸಿದ್ದು ಇದರಲ್ಲಿ ನಡೆಯದು. ಬೇರೆ ಕಡೆಯಿಂದ ತಂದದ್ದು ಎಷ್ಟೇ ಇರಲಿ, ಪದವಿ ಕೊಡುವ ವಿಶ್ವವಿದ್ಯಾಲಯದಲ್ಲೇ ಅರ್ಧದಷ್ಟಾದರೂ ಗಳಿಸಿರಬೇಕು. ‘ನಿಮ್ಮ ಹಳೇ ಮಾರ್ಕ್ಸ್ ಕಾರ್ಡ್ ಕೊಡಿ, ನೇರವಾಗಿ ಕೊನೇ ವರ್ಷಕ್ಕೆ ಹಾಕ್ತೀವಿ’ ಎನ್ನುವ ಏಜೆಂಟರ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ತಳವೇ ಇಲ್ಲದ ಕೊಡ

ಇಷ್ಟೆಲ್ಲಾ ಎಣಿಸಿ, ಕೂಡಿಸಿ, ಕೊಡಕ್ಕೆ ತಳವೇ ಇಲ್ಲದಿದ್ದರೆ? ಆ ತಳಕ್ಕೆ ಮಾನ್ಯತೆ ಎಂದು ಹೆಸರು. ಇದರ ನೋವು ಕರ್ನಾಟಕಕ್ಕೆ ಹೊಸದಲ್ಲ. 1996ರ ಜೂನ್ 1ರಂದು ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಲಕ್ಷಾಂತರ ಜನಕ್ಕೆ ಪದವಿಯ ಬಾಗಿಲು ತೆರೆದ ಸಂಸ್ಥೆ. ರಾಜ್ಯದ ಗಡಿಯಾಚೆ ಮತ್ತು ತಾಂತ್ರಿಕ ಕೋರ್ಸುಗಳನ್ನು ನಡೆಸಿದ್ದಕ್ಕೆ ಯುಜಿಸಿ ಆಕ್ಷೇಪ ಎತ್ತಿತು. 2012-13ರ ನಂತರ ಮಾನ್ಯತೆ ಮುಂದುವರಿಯಲಿಲ್ಲ. ಅದು ಮರಳಿ ಬಂದದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದ್ದವರ ಪಾಡು ಮೈಸೂರಿನಿಂದ ದೆಹಲಿವರೆಗೆ ಅಲೆದಾಟ. ಓದಿದ ಗಂಟೆ ಸುಳ್ಳಾಗಿರಲಿಲ್ಲ, ಬರೆದ ಪರೀಕ್ಷೆ ಸುಳ್ಳಾಗಿರಲಿಲ್ಲ. ಆದರೂ ಕೆಲಸ ಕೊಡುವವರು ಕಾಗದ ತಿರುಗಿಸಿ ನೋಡಿ ‘ಇದು ನಡೆಯುತ್ತದೆಯೇ?’ ಅಂತ ಕೇಳುವಂತಾಯಿತು.

2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕಠಿಣವಾದ ತೀರ್ಪು ಕೊಟ್ಟಿತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಹಂಚಿದ್ದ ಎಂಜಿನಿಯರಿಂಗ್ ಪದವಿಗಳ ಪೈಕಿ 2005ರ ನಂತರ ಸೇರಿದವರದ್ದು ರದ್ದಾಯಿತು. ವರ್ಷಗಟ್ಟಲೆ ಕೆಲಸ ಮಾಡಿದವರ ಕೈಯ ಕಾಗದ ಒಂದೇ ದಿನದಲ್ಲಿ ಬರೀ ಕಾಗದವಾಯಿತು.

ಈಗ ನಿಯಮ ಬಿಗಿಯಾಗಿದೆ. 2020ರ ಯುಜಿಸಿ ನಿಯಮದಲ್ಲಿ ದೂರಶಿಕ್ಷಣಕ್ಕೆ ಫ್ರಾಂಚೈಸಿ ಕೊಡುವಂತಿಲ್ಲ. ಅದೇ ನಿಯಮದ ಒಳ್ಳೆಯ ಮುಖ ಎಂದರೆ, ಮಾನ್ಯತೆ ಇರುವ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಓದಿದ ಪದವಿಗೆ ಸಮ. 2024ರ ಪ್ರವೇಶದಿಂದ ವಿದ್ಯಾರ್ಥಿ ಯುಜಿಸಿ ದೂರಶಿಕ್ಷಣ ಬ್ಯೂರೋದ ಪೋರ್ಟಲಿನಲ್ಲಿ ತನ್ನದೇ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು. ಅದಕ್ಕೆ ಕ್ರೆಡಿಟ್ ಬ್ಯಾಂಕಿನ ಖಾತೆ ಬೇಕು. ಐಡಿಯೇ ಕೇಳದೆ ಫೀಸು ಕೇಳುವವರನ್ನು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವುದು ಕ್ಷೇಮ.

ಫೀಸಿಗೆ ಮೊದಲು ಐದು ಪ್ರಶ್ನೆ

ಮಗನನ್ನೋ ಮಗಳನ್ನೋ ಸೇರಿಸುವ ಅಂಗಡಿಯವರು, ತಾವೇ ಸೇರುವ ನೌಕರರು ಐದು ಪ್ರಶ್ನೆ ಕೇಳಿದರೆ ಮುಕ್ಕಾಲು ಅಪಾಯ ತಪ್ಪುತ್ತದೆ. ಒಂದು, ಈ ವರ್ಷ, ಈ ಕೋರ್ಸಿಗೆ, ಬ್ಯೂರೋದ ಪಟ್ಟಿಯಲ್ಲಿ ಹೆಸರಿದೆಯೇ? ವಿಶ್ವವಿದ್ಯಾಲಯದ ಹೆಸರು ಮಾತ್ರ ಇದ್ದರೆ ಸಾಲದು, ಕೋರ್ಸಿನ ಹೆಸರೂ ಇರಬೇಕು. ಎರಡು, ಒಟ್ಟು ಕ್ರೆಡಿಟ್ ಎಷ್ಟು, ಒಂದಕ್ಕೆ ಗಂಟೆ ಎಷ್ಟು? ಮೂರು, ಮುಖ್ಯ ವಿಷಯ, ಉಪ ವಿಷಯ, ಪ್ರಾಯೋಗಿಕಕ್ಕೆ ಹಂಚಿಕೆ ಹೇಗೆ? ನಾಲ್ಕು, ಗರಿಷ್ಠ ಎಷ್ಟು ವರ್ಷ? ಐದು, ಕಂಪ್ಯೂಟರ್ ಪ್ರಾಯೋಗಿಕದ ಕೇಂದ್ರ ಯಾವ ಊರಿನಲ್ಲಿ, ಅಲ್ಲಿಗೆ ಬಸ್ ಎಷ್ಟು ಹೊತ್ತಿಗೆ?

ಉತ್ತರ ಬಾಯಿಮಾತಿನಲ್ಲಿ ಬೇಡ, ಅಚ್ಚಾದ ಪ್ರಾಸ್ಪೆಕ್ಟಸ್ಸಿನಲ್ಲಿ ಇರಬೇಕು. ಅನುಮಾನ ಬಂದರೆ ಇಗ್ನೋದ ಪ್ರಾದೇಶಿಕ ಕೇಂದ್ರಗಳು ಬೆಂಗಳೂರು, ವಿಜಯಪುರದಲ್ಲಿವೆ, ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನ ಮುಕ್ತಗಂಗೋತ್ರಿಯಲ್ಲಿದೆ. ಒಂದು ದಿನದ ಬಸ್ ಚಾರ್ಜು ಖರ್ಚಾಗಬಹುದು, ಆರು ವರ್ಷ ಉಳಿಯುತ್ತದೆ. ಒಂದು ತೆಂಗಿನಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೊಳ್ಳುವ ಜನ ನಮ್ಮವರು. 3600 ಗಂಟೆಯ ಪದವಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರೆ ಯಾರ ಗಂಟೇನು ಹೋಗುತ್ತದೆ?