ಗ್ರಿಲ್ ಕೋಳಿ: ಭಯ ಒಂದು ಕಡೆ, ಅಪಾಯ ಇನ್ನೊಂದು ಕಡೆ

ಸಂಜೆಯಾದರೆ ನಮ್ಮ ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರಿನಂಥ ಊರುಗಳಲ್ಲಿ ಈಗ ಗಾಜಿನ ಪೆಟ್ಟಿಗೆಯೊಳಗೆ ಕಂಬಿಗೆ ಸಿಕ್ಕಿಸಿದ ಕೋಳಿಗಳು ತಿರುಗತೊಡಗುತ್ತವೆ. ವಳಕಮದಿನ್ನಿಯಂಥ ಹಳ್ಳಿಗಳಿಂದ ಕೆಲಸಕ್ಕೆ ಬಂದವರು ಮರಳುವಾಗ ಒಂದು ಪಾರ್ಸಲ್ ಕಟ್ಟಿಸಿಕೊಳ್ಳುತ್ತಾರೆ. ಅದರ ಜೊತೆ ನಾಲ್ಕಾರು ಮಾತುಗಳೂ ಮನೆ ಸೇರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ಮಾತು: "ಫಾರಂ ಕೋಳಿಗೆ ಇಂಜೆಕ್ಷನ್ ಹೊಡೀತಾರ್ರೀ, ಇಲ್ಲಂದ್ರ ನಲವತ್ತ ದಿನಕ್ಕ ಅಷ್ಟು ದಪ್ಪ ಹೆಂಗಾದೀತು?"

ಅನುಮಾನ ಸಹಜವಾದದ್ದೇ. ಹಿತ್ತಲಲ್ಲಿ ಕೆದಕಿ ತಿನ್ನುವ ಜವಾರಿ ಕೋಳಿ ಆರು ತಿಂಗಳಾದರೂ ಮೈ ತುಂಬಿಕೊಳ್ಳುವುದಿಲ್ಲ. ಫಾರಂ ಕೋಳಿ ಆರು ವಾರಕ್ಕೆ ಎರಡು ಕಿಲೋ ದಾಟುತ್ತದೆ. ಆದರೆ ಇದಕ್ಕೆ ಕಾರಣ ಇಂಜೆಕ್ಷನ್ನಿನಲ್ಲಿ ಕೊಡುತ್ತಾರೆನ್ನುವ ಹಾರ್ಮೋನ್ ಅಲ್ಲ, ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957, 1978 ಮತ್ತು 2005ರ ಕಾಲದ ಮೂರು ತಳಿಗಳನ್ನು ಒಂದೇ ಮೇವು ಹಾಕಿ ಸಾಕಿ ನೋಡಿದರು. 56ನೇ ದಿನ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಮೇವು ಒಂದೇ, ದಿನ ಅಷ್ಟೇ. ಬದಲಾದದ್ದು ಹತ್ತಾರು ತಲೆಮಾರು ಆರಿಸಿ ಆರಿಸಿ ಬೆಳೆಸಿದ ರಕ್ತ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳನ್ನು ಹಿಡಿದು ಮತ್ತೆ ಮತ್ತೆ ಸೂಜಿ ಚುಚ್ಚುವ ಖರ್ಚನ್ನು ಯಾವ ಸಾಕಣೆದಾರನೂ ಹೊರಲಾರ.

ಫಾರಂ ಕೋಳಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದು ಆ್ಯಂಟಿಬಯಾಟಿಕ್‌ನದು. ಬೇರಾವ ಔಷಧಿಯೂ ನಾಟದಾಗ ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಕೊಡುವ ಕೊಲಿಸ್ಟಿನ್ ಅನ್ನು ಕೋಳಿ ಮೇವಿನಲ್ಲಿ ಬಳಸುತ್ತಿದ್ದರು. ಕೇಂದ್ರ ಆರೋಗ್ಯ ಸಚಿವಾಲಯ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಹಾರ್ಮೋನ್ ಎಂಬ ಇಲ್ಲದ ದೆವ್ವದ ಗದ್ದಲದಲ್ಲಿ ಈ ನಿಜವಾದ ವಿಷಯ ಜನರ ಕಿವಿಗೆ ಬೀಳಲೇ ಇಲ್ಲ.

"ಜವಾರಿ ಕೋಳಿಯಲ್ಲೇ ಶಕ್ತಿ, ಫಾರಂ ಕೋಳಿ ಬರೀ ನೀರು" ಎನ್ನುವುದು ಎರಡನೆಯ ಮಾತು. ರುಚಿಯ ಮಟ್ಟಿಗೆ ಜವಾರಿಗೆ ಎದುರಿಲ್ಲ, ಅದನ್ನು ಒಪ್ಪುತ್ತೇನೆ. ಓಡಾಡಿದ, ವಯಸ್ಸಾದ ಹಕ್ಕಿಯ ಮಾಂಸ ಗಟ್ಟಿ, ನೆಣ ಕಡಿಮೆ. ಆದರೆ ಪ್ರೋಟೀನಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಸುಟ್ಟ ಫಾರಂ ಕೋಳಿಯ ಎದೆ ಮಾಂಸ, ತೊಗಲು ಬಿಟ್ಟು 100 ಗ್ರಾಂ ತೆಗೆದುಕೊಂಡರೆ ಸುಮಾರು 31 ಗ್ರಾಂ ಪ್ರೋಟೀನ್ ಇರುತ್ತದೆ. 65 ಕಿಲೋ ತೂಕದ ಗಂಡಾಳಿಗೆ ದಿನಕ್ಕೆ 54 ಗ್ರಾಂ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ನಮ್ಮ ಜೋಳದಲ್ಲಿ ಪ್ರೋಟೀನ್ ಇದ್ದರೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕೋಳಿಯಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ನಾಲ್ಕು ತುಂಡು ಕೋಳಿ ಇದ್ದರೆ ಆ ಕೊರತೆ ತುಂಬುತ್ತದೆ. ಹಾಗಾಗಿ ಕೋಳಿಯ ಜೊತೆಗೆ ಅಂಗಡಿಯ ನಾನ್ ಕೊಳ್ಳುವ ಬದಲು ಮನೆಯ ರೊಟ್ಟಿಯಲ್ಲೇ ಉಣ್ಣಿ ಎಂದು ನಾನು ಹೇಳುತ್ತೇನೆ.

ಇನ್ನು "ಎಣ್ಣೆ ಹಾಕಿಲ್ಲ, ಕೊಬ್ಬೇ ಇಲ್ಲ" ಎಂಬ ಸಮಾಧಾನ. ಕೋಳಿಯ ಕೊಬ್ಬಿನ ದೊಡ್ಡ ಪಾಲು ತೊಗಲಲ್ಲೂ ತೊಗಲ ಕೆಳಗೂ ಇರುತ್ತದೆ. ತಿರುಗುವಾಗ ಕರಗಿ ಕೆಳಗಿನ ತಟ್ಟೆಗೆ ತೊಟ್ಟಿಕ್ಕುವುದು ನಿಜ, ಆದರೆ ಪೂರ್ತಿ ಹೋಗುವುದಿಲ್ಲ. ತೊಗಲು ಬಿಟ್ಟರೆ 100 ಗ್ರಾಂಗೆ ಸುಮಾರು 190 ಕ್ಯಾಲೊರಿ, 7 ಗ್ರಾಂ ಕೊಬ್ಬು. ತೊಗಲ ಸಮೇತ ತಿಂದರೆ 240 ಕ್ಯಾಲೊರಿ, 13ರಿಂದ 14 ಗ್ರಾಂ ಕೊಬ್ಬು. ಹಾಗೆಂದು ತೊಗಲು ವಿಷವೇನಲ್ಲ. ಅದರ ಕೊಬ್ಬಿನ ಹೆಚ್ಚು ಪಾಲು ಅಪರ್ಯಾಪ್ತ ಜಾತಿಯದು. ಲೆಕ್ಕ ಕೆಡಿಸುವುದು ಪಕ್ಕದ ಪುಟ್ಟ ಡಬ್ಬಿಯ ಮಯೋನೀಸ್. ಒಂದು ಚಮಚಕ್ಕೆ ಹತ್ತು ಗ್ರಾಂನಷ್ಟು ಕೊಬ್ಬು! ಹಸಿ ಮೊಟ್ಟೆಯಲ್ಲಿ ಮಾಡಿದ್ದಾದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯವೂ ಇದೆ. ನೆರೆಯ ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಅಂಥ ಮಯೋನೀಸನ್ನು ಒಂದು ವರ್ಷ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಉಪ್ಪಿನ ಮಾತನ್ನು ಯಾರೂ ಎತ್ತುವುದೇ ಇಲ್ಲ. ಮಸಾಲೆ ಹಚ್ಚದ ಕೋಳಿಯ 100 ಗ್ರಾಂ ಎದೆ ಮಾಂಸದಲ್ಲಿ ಸುಮಾರು 75 ಮಿಲಿಗ್ರಾಂ ಸೋಡಿಯಂ. ಮಸಾಲೆ ಹಚ್ಚಿ ಕಂಬಿಗೆ ಸಿಕ್ಕಿಸಿ ಸುಟ್ಟ ಕೋಳಿಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 300 ಮಿಲಿಗ್ರಾಂ ಮೀರಿ, ಅಂದರೆ ನಾಲ್ಕು ಪಟ್ಟು. ದಿನಕ್ಕೆ 2,000 ಮಿಲಿಗ್ರಾಂ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಅಂಗಡಿಗೊಂದು ಅಳತೆ. ಮೇಲೆ ಉದುರಿಸುವ ಚಾಟ್ ಮಸಾಲೆಯಲ್ಲೂ ಉಪ್ಪೇ. ಬಿಪಿ ಇರುವವರು ಕೊಬ್ಬಿಗಿಂತ ಮೊದಲು ಇದನ್ನು ನೋಡಬೇಕು.

ಬಣ್ಣ ಗಾಢವಾದಷ್ಟೂ ಮಸಾಲೆ ಚೆನ್ನಾಗಿ ಹಿಡಿದಿದೆ ಎಂದುಕೊಳ್ಳುವವರಿದ್ದಾರೆ. 2024ರ ಜೂನ್‌ನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕಬಾಬಿನ 39 ಮಾದರಿಗಳನ್ನು ಪರೀಕ್ಷಿಸಿತು. ಎಂಟರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಎಂಬ ಕೃತಕ ಬಣ್ಣಗಳು ಸಿಕ್ಕವು. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಲಾಯಿತು. ಆದೇಶದ ಪ್ರಕಾರ ತಪ್ಪಿದವರಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿಗೆ ಡಬ್ಬಿಯ ಬಣ್ಣವೇಕೆ? ಬ್ಯಾಡಗಿಯ ಕೆಂಪು ಬೆಂಕಿಗೆ ಕಂದಾಗುತ್ತದೆ. ಸುಟ್ಟ ಮೇಲೂ ಹೋಳಿಯ ಬಣ್ಣದಂತೆ ಮಿನುಗುತ್ತಿದ್ದರೆ ಏನು ಹಾಕಿದ್ದೀರಿ ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

"ರಕ್ತ ಕಡಿಮೆ ಇದ್ದವರು ಕೋಳಿ ತಿನ್ನಲಿ" ಎಂಬ ಸಲಹೆ ಅರ್ಧ ನಿಜ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಗಾಗಿ ಇದು ಹಗುರವಾಗಿ ಬಿಡುವ ವಿಷಯವಲ್ಲ. ಕೋಳಿ ಮಾಂಸದಲ್ಲಿ 100 ಗ್ರಾಂಗೆ ಒಂದು ಮಿಲಿಗ್ರಾಂ ಆಸುಪಾಸಿನ ಕಬ್ಬಿಣವಷ್ಟೇ ಇದೆ, ಲಿವರಿನಲ್ಲಿ ಒಂಬತ್ತರ ಆಸುಪಾಸು. ಗ್ರಿಲ್ ಕೋಳಿಯಲ್ಲಿ ಲಿವರ್ ಇರುವುದಿಲ್ಲ. ಕೋಳಿ ಕೊಯ್ಯುವ ಅಂಗಡಿಯಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ. ಬಸುರಿಯರು ಮಾತ್ರ ಅದರಿಂದ ದೂರವಿರಬೇಕು, ಅದರಲ್ಲಿ ವಿಟಮಿನ್ ಎ ಅತಿಯಾಗಿದೆ. ಅವರಿಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯೇ ದಾರಿ.

ಕೊನೆಯದು ಪಾರ್ಸಲ್‌ನದು: "ಮನೆಗೆ ಹೋಗಿ ಬಿಸಿ ಮಾಡಿದರೆ ಎಲ್ಲಾ ಸರಿಹೋಗುತ್ತದೆ." ಸರಿಹೋಗುವುದಿಲ್ಲ. ಕೈಯಿಂದ, ಚಾಕುವಿನಿಂದ ಅಂಟುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ಮಾಂಸದಲ್ಲಿ ಬೆಳೆದು ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. 32 ಡಿಗ್ರಿ ಮೀರಿದ ಹವೆಯಲ್ಲಿ ಬೇಯಿಸಿದ ಮಾಂಸವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ನಮ್ಮ ರಾಯಚೂರು ಸೀಮೆಯಲ್ಲಿ ಬೇಸಿಗೆ ಬಿಸಿಲು 40 ದಾಟುತ್ತದೆ, ಬಸ್ಸಿಗೆ ಕಾಯುವುದರಲ್ಲೇ ಆ ಗಂಟೆ ಮುಗಿದಿರುತ್ತದೆ. ಊರಿಗೆ ಒಯ್ಯುವುದಾದರೆ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ, ಕಂಬಿಯಿಂದ ಆಗಷ್ಟೇ ಇಳಿಸಿದ್ದನ್ನು ಕಟ್ಟಿಸಿಕೊಳ್ಳಿ, ಮನೆ ಮುಟ್ಟಿದ ಕೂಡಲೇ ಉಣ್ಣಿ. ಮಯೋನೀಸ್ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.