ಕೆರೆಯ ಮೀನಿಗೆ ದೋಣಿ, ಬಲೆ ಮತ್ತು ಯಂತ್ರಗಳ ಆಯ್ಕೆ

ಕೋಲಾರ ಸೀಮೆಯು ಕೆರೆಗಳ ಸೀಮೆಯೆಂಬುದು ಸರ್ವವಿದಿತವಾದ ವಿಷಯವು. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಎಂಬ ನದಿಗಳು ಈ ಪ್ರಾಂತದಲ್ಲಿದ್ದರೂ ಅವುಗಳಲ್ಲಿ ಒಂದಾದರೂ ವರ್ಷವಿಡೀ ಹರಿಯತಕ್ಕದ್ದಲ್ಲ. ಆದಕಾರಣವೇ ಪೂರ್ವಿಕರು ಒಂದು ಕೆರೆಯ ಕೋಡಿಯ ನೀರು ಮತ್ತೊಂದು ಕೆರೆಗೆ ಸೇರುವಂತೆ ಸರಪಣಿಯಾಗಿ ಕೆರೆಗಳನ್ನು ಕಟ್ಟಿದರು. ಈ ಕೆರೆಗಳಲ್ಲಿ ಮೀನು ಹಿಡಿಯುವ ಹಳೆಯ ಪದ್ಧತಿಯು ಬಹು ಸರಳವಾಗಿದ್ದಿತು. ಬೇಸಗೆಯಲ್ಲಿ ನೀರು ಮೊಣಕಾಲುದ್ದಕ್ಕೆ ಇಳಿದ ಮೇಲೆ ಊರಿನವರು ಕೂಳಿ, ಬುಟ್ಟಿ, ಬೀಸುಬಲೆಗಳನ್ನು ಹಿಡಿದು ಕೆರೆಗೆ ಇಳಿಯುತ್ತಿದ್ದರು. ಕೆರೆಯ ತಳವು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ದೋಣಿಯ ಅವಶ್ಯಕತೆಯು ಅಷ್ಟಾಗಿ ಬೀಳುತ್ತಿರಲಿಲ್ಲ.

ಈ ಸ್ಥಿತಿಯು 2018ನೆಯ ಇಸವಿಯಿಂದ ಅನೇಕ ಗ್ರಾಮಗಳಲ್ಲಿ ಬದಲಾಗಿರುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನವರೆಗೆ 126 ಕೆರೆಗಳಿಗೆ ತುಂಬಿಸಿ ಅಂತರ್ಜಲವನ್ನು ಹೆಚ್ಚಿಸಬೇಕೆಂಬ ಯೋಜನೆಯ ನೀರು ಆ ವರ್ಷದ ಜೂನ್ ತಿಂಗಳಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದು, ತರುವಾಯ ನರಸಾಪುರ ಮೊದಲಾದ ಕೆರೆಗಳಿಗೆ ಹರಿಯಿತು. 2021ನೆಯ ನವೆಂಬರ್ ತಿಂಗಳ ಭಾರಿ ಮಳೆಗೆ ಜಿಲ್ಲೆಯ ಇತರ ಅನೇಕ ಕೆರೆಗಳೂ ತುಂಬಿ ಕೋಡಿ ಬಿದ್ದವು. ಬೇಸಗೆಯಲ್ಲಿಯೂ ನೀರು ನಿಲ್ಲುವ ಕೆರೆಯಲ್ಲಿ ಬುಟ್ಟಿಯಿಂದ ಮೀನು ಹಿಡಿಯಲಾಗದು. ಆದ್ದರಿಂದ ಎಂತಹ ದೋಣಿ, ಎಂತಹ ಬಲೆ, ಎಂತಹ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆಯು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೋಕುಗಳ ಗ್ರಾಮ ಮುಖಂಡರ ಮುಂದೆಯೂ ಜಮೀನುದಾರರ ಮುಂದೆಯೂ ಬಂದು ನಿಂತಿದೆ. ಇದಕ್ಕೆ ಉತ್ತರವು ಅಂಗಡಿಯ ಬೆಲೆಪಟ್ಟಿಯಲ್ಲಿಲ್ಲ. ಯಾವ ಮೀನು, ಎಷ್ಟು ಆಳ, ತಳದಲ್ಲಿ ಏನಿದೆ, ಎಂಬ ಮೂರು ವಿಷಯಗಳನ್ನು ತಿಳಿದವನು ಮಾತ್ರವೇ ಹಣವನ್ನು ವ್ಯರ್ಥ ಮಾಡದೆ ಸರಿಯಾದ ಸಾಧನವನ್ನು ಆರಿಸಬಲ್ಲನು.

ದೋಣಿಯ ಹಿಂದೆ ಗಾಳ ಎಳೆಯುವ ಕ್ರಮ

ಪರದೇಶಗಳ ಚಿತ್ರಗಳಲ್ಲಿ ಮೋಟಾರು ದೋಣಿಯ ಹಿಂದೆ ನಾಲ್ಕಾರು ಗಾಳಗಳನ್ನು ಎಳೆದುಕೊಂಡು ಹೋಗಿ ದೊಡ್ಡ ಮೀನುಗಳನ್ನು ಹಿಡಿಯುವುದನ್ನು ಕಂಡ ತರುಣರು ಅದೇ ಸಾಮಗ್ರಿಯನ್ನು ತರಿಸಬೇಕೆಂದು ಆಶಿಸುವುದುಂಟು. ಈ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು; ಸಮುದ್ರದಲ್ಲಿ ಬಲೆಯನ್ನು ಎಳೆಯುವ ಟ್ರಾಲಿಂಗ್ ಎಂಬುದು ಬೇರೆಯೇ ಆಗಿರುತ್ತದೆ. ಗಾಳ ಎಳೆಯುವ ಕ್ರಮವು ಅಮೆರಿಕಾ ಖಂಡದ ಮಹಾಸರೋವರಗಳಂತಹ ಆಳವಾದ ನೀರಿಗೆ ತಕ್ಕದ್ದು. ಅವುಗಳಲ್ಲೊಂದಾದ ಮಿಚಿಗನ್ ಸರೋವರದ ಗರಿಷ್ಠ ಆಳವು 923 ಅಡಿ. ಅಲ್ಲಿ 1966ರಲ್ಲಿ ಬಿತ್ತಿದ ಕೋಹೋ ಸಾಲ್ಮನ್ ಜಾತಿಯ ಮೀನು ಚಿಕ್ಕ ಮೀನುಗಳನ್ನು ಬೆನ್ನಟ್ಟಿ ತಿನ್ನತಕ್ಕದ್ದು. ಆದ್ದರಿಂದ ಸೀಸದ ಗುಂಡಿನಿಂದ ಗಾಳವನ್ನು ಬೇಕಾದ ಆಳಕ್ಕೆ ಇಳಿಸಿ, ಹೊಳೆಯುವ ಲೋಹದ ತುಂಡನ್ನು ಮೀನಿನ ಮರಿಯಂತೆ ಓಡಿಸುವರು. ಕನ್ನಡ ನಾಡಿನಲ್ಲಿಯೂ ಗಾಳಕ್ಕೆ ಪ್ರಸಿದ್ಧವಾದ ಮೀನೊಂದುಂಟು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರ್ ಮೀನನ್ನು ಹಿಡಿದರು. ಆದರೆ ಅದು ಹರಿಯುವ ಹೊಳೆಯ ಮೀನು, ಕೆರೆಯದಲ್ಲ.

ಕೋಲಾರದ ಕೆರೆಗಳಲ್ಲಿ ಬಿತ್ತುವ ಮೀನುಗಳ ಸ್ವಭಾವವು ಇದಕ್ಕೆ ತೀರ ಭಿನ್ನವಾದುದು. ಕಾಟ್ಲಾ ಮೀನು ಮೇಲುನೀರಿನ ಸೂಕ್ಷ್ಮ ಜೀವಿಗಳನ್ನೂ, ರೋಹು ನಡುನೀರಿನ ಆಹಾರವನ್ನೂ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳು ತಳದ ಕೆಸರಿನಲ್ಲಿರುವುದನ್ನೂ ತಿಂದು ಬೆಳೆಯುವುವು. ಓಡುವ ಗಾಳವನ್ನು ಇವು ಬೆನ್ನಟ್ಟುವುದು ಅಪರೂಪ. ಬೆನ್ನಟ್ಟತಕ್ಕದ್ದು ಕೊರವ ಅಥವಾ ಕೊರಮೀನು. ಅದಾದರೋ ಅಂಚಿನ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಕುಳಿತಿರುವುದು. ಅಲ್ಲಿ ದೋಣಿಯಿಂದ ಎಳೆದ ಗಾಳವು ಮೀನಿಗಿಂತ ಮೊದಲು ಜೊಂಡನ್ನೇ ಹಿಡಿಯುವುದು. ಕೊರಮೀನು ಬೇಕಾದವರಿಗೆ ದಡದಲ್ಲಿ ನಿಂತು ಬೀಸುವ ಒಂದು ಗಾಳದ ಕೋಲು ಸಾಕು.

ದೋಣಿ

ಕೆರೆಯ ಕೆಲಸಕ್ಕೆ ಹರಿಗೋಲು ಇಂದಿಗೂ ಉಪಯುಕ್ತವಾದದ್ದೇ. ಇದನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದು. ಕೆಲವೇ ಅಂಗುಲ ನೀರಿನಲ್ಲಿಯೂ ಇದು ತೇಲುವುದು. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಫೈಬರಿನವು ದೊರೆಯುವುವು. ಇದರ ದೋಷವೇನೆಂದರೆ, ದುಂಡಗಿರುವುದರಿಂದ ಗಾಳಿಗೆ ತಿರುಗುವುದು ಮತ್ತು ಒಂದೇ ಕಡೆ ಇಬ್ಬರು ವಾಲಿದರೆ ಮಗುಚುವುದು. ಸಹಕಾರ ಸಂಘದವರು ಉದ್ದನೆಯ ಬಲೆ ಹಾಕುವುದಾದರೆ ಚಪ್ಪಟೆ ತಳದ ಫೈಬರ್ ದೋಣಿಯು ಲೇಸು. ಮೋಟಾರಿನ ಅವಶ್ಯಕತೆಯು ಸಾಮಾನ್ಯವಾಗಿ ಇರುವುದಿಲ್ಲ. ಜೊಂಡು, ಅಂತರಗಂಗೆಗಳು ಅದರ ಚಕ್ರಕ್ಕೆ ಸುತ್ತಿಕೊಳ್ಳುವುವು. ಟೈರಿನ ಟ್ಯೂಬು, ಥರ್ಮೋಕೋಲು ಹಲಗೆಗಳ ಮೇಲೆ ಕುಳಿತು ಬಲೆ ಬಿಡುವ ರೂಢಿಯನ್ನು ಮಾತ್ರ ಗ್ರಾಮ ಮುಖಂಡರು ನಿಲ್ಲಿಸತಕ್ಕದ್ದು. ಟ್ಯೂಬಿಗೆ ಒಂದು ಜಾಲಿ ಮುಳ್ಳು ಚುಚ್ಚಿದರೆ ಸಾಕು, ಕೆರೆಯ ನಡುವೆ ಮನುಷ್ಯನಿಗೆ ಆಧಾರವು ತಪ್ಪುವುದು.

ಬಲೆ

ಕಿವಿರು ಬಲೆಯೆಂಬುದು ನೀರಿನಲ್ಲಿ ಗೋಡೆಯಂತೆ ನಿಲ್ಲತಕ್ಕದ್ದು. ಮೀನಿನ ತಲೆಯು ಕಣ್ಣಿನೊಳಗೆ ತೂರಿ, ಕಿವಿರಿನ ಬಳಿ ನೂಲು ಸಿಕ್ಕಿ, ಅದು ಹಿಂದಕ್ಕೂ ಮುಂದಕ್ಕೂ ಹೋಗಲಾರದು. ಚಿಕ್ಕ ಮೀನು ನುಸುಳಿ ಹೋಗುವುದು. ತೀರ ದೊಡ್ಡದು ತಾಗಿ ಹಿಂದಿರುಗುವುದು. ಆದಕಾರಣ ಕಣ್ಣಿನ ಅಳತೆಯೇ ಬಲೆಯ ಜೀವವು. ಸ್ಥೂಲವಾದ ಲೆಕ್ಕವೊಂದುಂಟು. ಹಿಡಿಯಬೇಕಾದ ಗಾತ್ರದ ಮೀನೊಂದರ ಸುತ್ತಳತೆಯನ್ನು ಬೆನ್ನಿನ ರೆಕ್ಕೆಯ ಮುಂದೆ ದಾರದಿಂದ ಅಳೆದು, ಅದನ್ನು ಹತ್ತು ಭಾಗ ಮಾಡಿ, ನಾಲ್ಕು ಭಾಗವನ್ನು ತೆಗೆದುಕೊಳ್ಳುವುದು. ಬಲೆಯ ಕಣ್ಣನ್ನು ಎಳೆದು ಹಿಡಿದಾಗ ಎದುರುಬದುರು ಗಂಟುಗಳ ಅಂತರವು ಅಷ್ಟಿರಬೇಕು. ಸುಮಾರು ಒಂದು ಕಿಲೋಗ್ರಾಂ ತೂಗುವ ರೋಹು ಮೀನಿನ ಸುತ್ತಳತೆಯು ಹತ್ತು ಅಂಗುಲದ ಸಮೀಪವಿರುವುದರಿಂದ ಅದಕ್ಕೆ ನಾಲ್ಕು ಅಂಗುಲದ ಕಣ್ಣು ತಕ್ಕದ್ದು.

ಎರಡು ಅಂಗುಲದ ಕಣ್ಣಿನ ಬಲೆಯಲ್ಲಿ ಮೀನು ಬೇಗನೆ ಸಿಕ್ಕುವುದೆಂದು ಹಿಗ್ಗುವವರು ತಮ್ಮ ಬಿತ್ತನೆಯನ್ನೇ ಉಣ್ಣುವರು. ಕಾಟ್ಲಾ, ರೋಹು, ಮೃಗಾಲ್‌ಗಳು ಹರಿಯುವ ಪ್ರವಾಹದಲ್ಲಿ ಮೊಟ್ಟೆಯಿಡುವ ಮೀನುಗಳಾದುದರಿಂದ ನಿಂತ ಕೆರೆಯಲ್ಲಿ ಸಂತಾನವನ್ನು ಬೆಳೆಸುವುದಿಲ್ಲ. ಪ್ರತಿ ವರ್ಷವೂ ಹಣ ಕೊಟ್ಟು ಮರಿಗಳನ್ನು ತಂದು ಬಿಡಬೇಕು. ಒಳ್ಳೆಯ ನೀರಿನಲ್ಲಿ ವರ್ಷಕ್ಕೆ ಸುಮಾರು ಒಂದು ಕಿಲೋಗ್ರಾಂ ಬೆಳೆಯತಕ್ಕ ಮೀನನ್ನು ಕಾಲು ಕಿಲೋಗ್ರಾಮಿಗೆ ಹಿಡಿಯುವುದು ರಾಗಿಯನ್ನು ತೆನೆ ಒಡೆಯುವ ಮೊದಲೇ ಕೊಯ್ದಂತೆ.

ಬಲೆಯನ್ನು ಕೊಳ್ಳುವಾಗ ಇನ್ನೆರಡು ವಿಷಯಗಳನ್ನು ಗಮನಿಸತಕ್ಕದ್ದು. ಅಂಗಡಿಯಲ್ಲಿ ನೂರು ಅಡಿಯೆಂದು ಎಳೆದು ತೋರಿಸಿದ ಬಲೆಯನ್ನು ಹಗ್ಗಕ್ಕೆ ಕಟ್ಟಿದರೆ ಸಾಮಾನ್ಯವಾಗಿ ಐವತ್ತು ಅಡಿಯೇ ಆಗುವುದು; ಕಣ್ಣು ತೆರೆದು ನಿಲ್ಲಲು ಹಾಗೆ ಸಡಿಲವಾಗಿಯೇ ಕಟ್ಟಬೇಕು. ಎರಡನೆಯದಾಗಿ, ಗಾಜಿನಂತೆ ಕಾಣುವ ಒಂಟಿ ಎಳೆಯ ಬಲೆಯು ತಿಳಿನೀರಿನಲ್ಲಿ ಮೀನಿನ ಕಣ್ಣಿಗೆ ಬೀಳದು. ಆದರೆ ಹಸುರು ನೀರಿನ ಕೆರೆಯಲ್ಲಿ ಆ ಪ್ರಯೋಜನವು ಅಲ್ಪ. ಹರಿದರೆ ಹೊಲಿಯುವುದು ಕಷ್ಟ. ಹಲವು ಎಳೆಗಳ ನೈಲಾನು ಬಲೆಯು ಬಾಳಿಕೆಗೆ ಮೇಲು. ನೈಲಾನು ನೀರಿನಲ್ಲಿ ಕೊಳೆಯದು, ಬಿಸಿಲಿಗೆ ಸೊರಗುವುದು. ಆದ್ದರಿಂದ ನೆರಳಿನಲ್ಲಿ ಒಣಗಿಸತಕ್ಕದ್ದು. ಕೆರೆಯಲ್ಲಿ ಕಳೆದುಹೋದ ಬಲೆಯು ಯಾರಿಗೂ ಉಪಯೋಗವಿಲ್ಲದೆ ಬಹುಕಾಲ ಮೀನನ್ನು ಕೊಲ್ಲುತ್ತಲೇ ಇರುವುದರಿಂದ ಅದನ್ನು ಹುಡುಕಿ ತೆಗೆಯಲೇಬೇಕು.

ಯಂತ್ರಗಳು

ಮೀನನ್ನು ತೋರಿಸುವ ಯಂತ್ರವು ದೋಣಿಯ ತಳದಿಂದ ಶಬ್ದದ ಅಲೆಯನ್ನು ಕೆಳಕ್ಕೆ ಕಳುಹಿಸಿ, ಅದರ ಪ್ರತಿಧ್ವನಿಯು ಹಿಂದಿರುಗುವ ಕಾಲವನ್ನು ಅಳೆಯುವುದು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಓಡುವುದರಿಂದ ಈ ಕಾಲದ ಮೇಲೆ ಆಳವು ತಿಳಿಯುವುದು. ಈ ಅಲೆಯು ಲಾಂದ್ರದ ಬೆಳಕಿನಂತೆ ಕೆಳಗೆ ಹೋದಂತೆಲ್ಲ ಅಗಲವಾಗುವುದು. 20 ಡಿಗ್ರಿಯ ಅಲೆಯು 100 ಅಡಿ ಆಳದಲ್ಲಿ 35 ಅಡಿ ಅಗಲದ ಸ್ಥಳವನ್ನು ತೋರಿಸಿದರೆ, ಹತ್ತು ಅಡಿಯ ಕೆರೆಯಲ್ಲಿ ಮೂರೂವರೆ ಅಡಿಯನ್ನು ಮಾತ್ರವೇ ತೋರಿಸುವುದು. ಅಷ್ಟರಲ್ಲಿ ದೋಣಿಯ ನೆರಳಿಗೇ ಮೀನು ಬೆದರಿ ಓಡಿರುವುದು. ಆದ್ದರಿಂದ ಮೀನನ್ನು ಹುಡುಕಲು ಈ ಯಂತ್ರವು ಈ ಸೀಮೆಯ ಕೆರೆಗಳಲ್ಲಿ ದುಬಾರಿಯಾದ ಆಟಿಕೆಯೇ ಸರಿ.

ಹಣವಿದ್ದ ಸಂಘವು ಕೊಳ್ಳಬಹುದಾದ ಯಂತ್ರವೆಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಮಾಪಕವು. ಸಾರ ಹೆಚ್ಚಾಗಿ ಪಾಚಿ ಬೆಳೆದ ಕೆರೆಗಳಲ್ಲಿ ರಾತ್ರಿಯ ವೇಳೆ ಆಮ್ಲಜನಕವು ಕುಗ್ಗಿ, ಬೆಳಗಿನ ಜಾವದಲ್ಲಿ ಮೀನುಗಳು ಬಾಯ್ದೆರೆದು ಮೇಲಕ್ಕೆ ಬರುವುವು. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಕ್ಷೇಮ; 3ಕ್ಕಿಂತ ಇಳಿದರೆ ಅಪಾಯವು ಸಮೀಪಿಸಿತೆಂದು ತಿಳಿಯಬೇಕು. ಮಾಪಕವಿಲ್ಲದವರು ಎಂಟು ಅಂಗುಲದ ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಲಿ. ಅದು ಒಂದು ಅಡಿಯ ಆಸುಪಾಸಿನಲ್ಲಿ ಮರೆಯಾದರೆ ಒಳ್ಳೆಯದು. ಪಾಚಿಯ ದೆಸೆಯಿಂದ ಎಂಟು ಅಂಗುಲದೊಳಗೇ ಮರೆಯಾದರೆ ಎಚ್ಚರಿಕೆ ವಹಿಸತಕ್ಕದ್ದು.

ತಳದ ನಕ್ಷೆ

ಎಲ್ಲಕ್ಕಿಂತ ಮುಖ್ಯವಾದ ಸಾಧನಕ್ಕೆ ಬೆಲೆಯೇ ಇಲ್ಲ. ಕೆರೆಗಳು ಒಣಗಿದ್ದ ವರ್ಷಗಳಲ್ಲಿ ಇಟ್ಟಿಗೆಗಾಗಿ ಜೇಡಿಯನ್ನೂ, ಮನೆಗಳಿಗಾಗಿ ಮರಳನ್ನೂ ತೆಗೆದ ಗುಂಡಿಗಳು ಅನೇಕ ಕೆರೆಗಳ ತಳದಲ್ಲಿ ಉಳಿದಿವೆ; ಜಾಲಿಯ ಬೊಡ್ಡೆಗಳೂ ಇವೆ. ನೀರು ತುಂಬಿದ ಮೇಲೆ ಇವು ಕಣ್ಣಿಗೆ ಕಾಣವು. ಸೊಂಟದುದ್ದದ ನೀರೆಂದು ನಂಬಿ ನಡೆದವನು ಮುಂದಿನ ಹೆಜ್ಜೆಯಲ್ಲಿಯೇ ಎರಡಾಳಿನ ಗುಂಡಿಗೆ ಬೀಳುವನು. ಎಳೆಬಲೆಯು ಬೊಡ್ಡೆಗೆ ಸಿಕ್ಕಿ ಹರಿಯುವುದು. ಆದರೆ ಈ ಗುಂಡಿಗಳ ಸ್ಥಳವು ಊರಿಗೆ ತಿಳಿಯದ ಸಂಗತಿಯಲ್ಲ. ಮಣ್ಣು ಹೊಡೆದ ಟ್ರಾಕ್ಟರಿನವರಿಗೂ, ಕೆರೆಯಂಗಳದಲ್ಲಿ ಕುರಿ ಕಾಯ್ದವರಿಗೂ, ನೀರುಗಂಟಿಗೂ ಅದು ಕಂಠಪಾಠವಾಗಿರುವುದು. ಅವರನ್ನು ಒಂದು ದಿನ ಕೂಡಿಸಿ, ಏರಿ, ತೂಬು, ಕೋಡಿಗಳಿಂದ ಗುರುತು ಹಿಡಿದು, ಕೆರೆಯ ನಕ್ಷೆಯೊಂದನ್ನು ಬರೆಯಿಸತಕ್ಕದ್ದು.

ತರುವಾಯ ಹರಿಗೋಲಿನಲ್ಲಿ ಹೋಗಿ, ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲನ್ನು ಕಟ್ಟಿ ಆಳವನ್ನು ನೋಡಬೇಕು. ಕಲ್ಲಿನ ತಳಕ್ಕೆ ಗ್ರೀಸನ್ನು ಸವರಿದರೆ ಕೆಸರೋ ಮರಳೋ ಎಂಬುದೂ ಅಂಟಿ ಬರುವುದು. ಗುಂಡಿಯ ಸ್ಥಾನವನ್ನು ಕೈಯ ಮೊಬೈಲಿನಲ್ಲಿ ಗುರುತಿಸಿಡಬಹುದು. ಈ ಸೀಮೆಯ ದೋಣಿಗೆ ಅಷ್ಟು ವಿದ್ಯುನ್ಮಾನವು ಸಾಕು. ದಡದ ಸಮೀಪದ ಗುಂಡಿಗಳ ಮೇಲೆ ಕೆಂಪು ಬಣ್ಣದ ಮುಚ್ಚಿದ ಡಬ್ಬಗಳನ್ನು ತೇಲಬಿಟ್ಟರೆ ದನ ತೊಳೆಯುವವರಿಗೂ ಮಕ್ಕಳಿಗೂ ಎಚ್ಚರಿಕೆಯಾಗುವುದು.

ಗ್ರಾಮ ಮುಖಂಡರ ಕರ್ತವ್ಯ

ಮೀನಿನ ಹಕ್ಕು ಯಾರದೆಂಬುದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಮೀನುಗಾರಿಕಾ ಇಲಾಖೆಯಲ್ಲಿಯೂ ವಿಚಾರಿಸಿಯೇ ಬಲೆಯನ್ನು ಇಳಿಸತಕ್ಕದ್ದು. ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದನ್ನು 1897ನೆಯ ಇಸವಿಯ ಕಾನೂನೇ ನಿಷೇಧಿಸಿತು. ವಿದ್ಯುತ್ ತಂತಿಯನ್ನು ನೀರಿಗೆ ಬಿಡುವ ದುರಭ್ಯಾಸವಾದರೋ ಮೀನಿನೊಡನೆ ಮನುಷ್ಯರನ್ನೂ ಕೊಲ್ಲತಕ್ಕದ್ದು. ಅದನ್ನು ಕಂಡೊಡನೆ ತಡೆಯಬೇಕು. ದೋಣಿ ಹತ್ತುವ ಪ್ರತಿಯೊಬ್ಬನೂ ತೇಲುವ ಅಂಗಿಯನ್ನು ತೊಡಬೇಕು. ಇದಲ್ಲದೆ ದಡದಲ್ಲಿ ಐದು ಲೀಟರಿನ ಬಿಗಿಯಾಗಿ ಮುಚ್ಚಿದ ಖಾಲಿ ಡಬ್ಬಕ್ಕೆ ಉದ್ದನೆಯ ಹಗ್ಗ ಕಟ್ಟಿ ಸಿದ್ಧವಾಗಿಟ್ಟಿದ್ದರೆ, ಮುಳುಗುವವನಿಗೆ ಎಸೆಯಲು ಅದೇ ಆಸರೆಯಾಗುವುದು. ಒಬ್ಬನೇ ಎಂದಿಗೂ ನೀರಿಗೆ ಹೋಗಲಾಗದು.

ಮೊದಲು ನಕ್ಷೆ, ಆಮೇಲೆ ದೋಣಿ, ಅದರ ತರುವಾಯ ತಕ್ಕ ಕಣ್ಣಿನ ಬಲೆ, ಕಡೆಯದಾಗಿ ಹಣ ಉಳಿದರೆ ಯಂತ್ರ: ಈ ಅನುಕ್ರಮವನ್ನು ಅನುಸರಿಸಿದ ಗ್ರಾಮಕ್ಕೆ ಕೆರೆಯಿಂದ ಮೀನೂ ದೊರೆಯುವುದು, ಕೆರೆಗೆ ಇಳಿದವರೂ ಕ್ಷೇಮವಾಗಿ ಮನೆಗೆ ಹಿಂದಿರುಗುವರು.